ಷರಾ: ಲಡಕಾಸಿ

ಫಾರಮ್ಮಿನ ಹನ್ನೊಂದನೇ ಕಾಲಮ್ಮು: ವಾಹನದ ಸ್ಥಿತಿ.
ಬರೆದೆ: ಲಡಕಾಸಿ.
ದೇಚಮ್ಮ ಮೇಡಂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ
ಪಕ್ಕದಲ್ಲಿ ಬರೆದರು: ಶಿಥಿಲ.
‘ಸರ್ಕಾರಿ ಕಾಗದ ಕಣ್ರೀ ಇದು, ಬಸ್ ಸ್ಟ್ಯಾಂಡಲ್ಲ.’
ಎರಡೂ ಒಂದೇ ಅಲ್ಲ ಮೇಡಂ, ಅಂದೆ.
ಅವರಾಗಲೇ ಡಬ್ಬಿ ತೆರೆದು
ಕಡಂಬುಟ್ಟು ಮುರಿಯುತ್ತಿದ್ದರು.

ಆಫೀಸಿನ ನಿಘಂಟು ತೆಗೆದೆ.
ಬೈಂಡು ಬಿಟ್ಟು, ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಕೂತಿದೆ.
ಲಕಾರದ ಹಾಳೆಗಳು ಹಕಾರದ ಆಚೆ ಹೋಗಿ ಸೇರಿವೆ,
ನನಗೆ ಬೇಕಾದ ಪುಟವೊಂದೇ ಇಲ್ಲ.
ಅರ್ಥ ಸಿಗಲಿಲ್ಲ.
ಉದಾಹರಣೆ ಕೈಯಲ್ಲೇ ಇತ್ತು.

ಶಿಥಿಲ ಅಂದರೆ ಕೂತದ್ದು.
ಗೋಡೆ ಶಿಥಿಲ, ಮೋರಿ ಶಿಥಿಲ,
ಪಾಚಿ ಹಿಡಿದ ಮೆಟ್ಟಿಲು ಶಿಥಿಲ;
ಸುತ್ತ ಹಗ್ಗ ಕಟ್ಟಿ ಫಲಕ ನಿಲ್ಲಿಸುತ್ತಾರೆ.
ಲಡಕಾಸಿ ಅನ್ನಿಸಿಕೊಳ್ಳಬೇಕಾದರೆ
ಮೊದಲು ಹೊರಡಬೇಕು.
ನಿಂತ ಗಾಡಿಗೆ ಆ ಮಾತು ಹತ್ತುವುದಿಲ್ಲ.
ಮನುಷ್ಯರಿಗೂ ಅಷ್ಟೇ: ‘ಅವನೊಬ್ಬ ಲಡಕಾಸಿ’ ಅಂದರೆ
ಇನ್ನೂ ಕೆಲಸಕ್ಕೆ ಬರುತ್ತಾನೆ, ತಡವಾಗಿ, ಅಂತ ಅರ್ಥ.
ಲಡ ಎನ್ನುವುದು ಬಾಗಿಲು.
ಕಾಸಿ ಏನೋ ಗೊತ್ತಿಲ್ಲ,
ಕಾಸಿಗೆ ಸಂಬಂಧ ಇದ್ದೀತು, ಇಲ್ಲದ ಕಾಸಿಗೆ.

ನಿನ್ನೆ ಸಿದ್ದಾಪುರದ ಕ್ಯಾಂಪಿನಲ್ಲಿ
ಮೊಯ್ದುಕುಟ್ಟಿಯ ಜೀಪು ನೋಡಿದೆ.
ಗೇರ್ ಬಾಕ್ಸು ಪಿರಿಯಾಪಟ್ಟಣದ ಗುಜರಿಯದು,
ಸ್ಟಿಯರಿಂಗು ಇರಿಟ್ಟಿಯ ಹೊಳೆಯಲ್ಲಿ ಮುಳುಗಿ ಎದ್ದ ಯಾವುದೋ ವ್ಯಾನಿನದು,
ಹಿಂದಿನ ಒಂದು ದೀಪ ಆಟೋದ್ದು.
ಬಾನೆಟ್ಟಿಗೆ ಸೊಂಟದ ಬೆಲ್ಟು,
ತೂತು ಸಾಲದೆ ಮೊಳೆಯಲ್ಲಿ ಇನ್ನೊಂದು ಹೊಡೆದದ್ದು.
ಹಾರ್ನು ಬೇಕೆಂದರೆ ಎರಡು ತಂತಿ ಮುಟ್ಟಿಸಬೇಕು.

‘ಎಲ್ಲ ಟೈಟ್ ಮಾಡಿಸಿ ತಾ’ ಅಂದೆ.
‘ಮಾಡಿಸಿದ್ದೆ ಸಾರೇ, ಹೋದ ವರ್ಷ ಗೋಣಿಕೊಪ್ಪದಲ್ಲಿ,
ಒಂದು ನಟ್ಟೂ ಅಲುಗದ ಹಾಗೆ.
ಎರಡನೇ ದಿನ ಮಾಲ್ದಾರೆ ಗುಂಡಿಯಲ್ಲಿ ಚಾಸಿಯೇ ಸೀಳಿತು.
ಅಲುಗಲಿಕ್ಕೆ ಇಷ್ಟು ಜಾಗ ಬೇಕು’ ಎಂದು
ಎರಡು ಬೆರಳ ನಡುವೆ
ಒಂದು ಕಾಫಿ ಬೀಜದಷ್ಟು ಗಾಳಿ ತೋರಿಸಿದ.

ಓಡಿಸಿ ನೋಡೋಣವೆಂದು ಹತ್ತಿದೆ.
ಹಿಂದೆ ಸಂಜೆಯ ಆಳುಗಳು:
ಕರಡಿಗೋಡಿನ ಮಾಚ, ಸೇಲಂ ಕಡೆಯ ಪಾಪಾತಿ,
ಅರೆಭಾಷೆಯಲ್ಲಿ ಕೋಳಿಯನ್ನು ಬೈಯುತ್ತ ದೇವಕ್ಕಿ,
ಎರಡು ಸಲ ಹೇಳಿದರೂ ಹೆಸರು ನನ್ನ ಕಿವಿಗೆ ಹಿಡಿಯದ
ಅಸ್ಸಾಮಿನ ಹುಡುಗಿ.
ಗುಂಡಿ ಬಂದಾಗ ಎಲ್ಲರದೂ ಒಂದೇ ಕೂಗು ಎನ್ನಲಾರೆ:
ಒಬ್ಬಳದು ಅಯ್ಯಯ್ಯೋ, ಒಬ್ಬನದು ಪಡಚ್ಚೋನೇ,
ಮಾಚ ಸುಮ್ಮನೆ ಮೇಲೆ ಹಾರಿ ಸುಮ್ಮನೆ ಕೂತ.

ನನ್ನ ಕಡೆಯ ಬಾಗಿಲಿಗೆ ಚಿಲಕವಿಲ್ಲ.
ಗೋಣಿದಾರದ ಗಂಟು ತಿರುವಿನಲ್ಲಿ ಬಿಚ್ಚಿತು.
‘ಹಿಡ್ಕೊಳ್ಳಿ ಸಾರೇ.’
ಹಿಡಿದೆ.
ಆನೆ ಕಂದಕದವರೆಗೆ, ಮತ್ತೆ ವಾಪಸು,
ಕಾಲು ಗಂಟೆ ಆ ಬಾಗಿಲಿಗೆ ನಾನೇ ಚಿಲಕ.
ಬಿಗಿಹಿಡಿದರೆ ರಟ್ಟೆ ಕಿತ್ತುಬರುತ್ತದೆ,
ಬಿಟ್ಟರೆ ಬಾಗಿಲು ಕಾಫಿ ಗಿಡದಲ್ಲಿ.
ಎಷ್ಟು ಸಡಿಲ ಬಿಡಬೇಕೆಂದು
ಮೂರನೇ ಗುಂಡಿಯ ಹೊತ್ತಿಗೆ ಕೈಗೇ ತಿಳಿಯಿತು.

ಲೈನ್ ಮನೆಗಳಲ್ಲಿ ಯಾರೂ ಹಾರ್ನಿಗೆ ಕಾಯುವುದಿಲ್ಲ.
ಎರಡು ತಿರುವು ಮೊದಲೇ ಸದ್ದು ಕೇಳಿ
ಯಾರೋ ಒಲೆ ಮೇಲೆ ನೀರಿಡುತ್ತಾರೆ.
ಆನೆಗೂ ಗೊತ್ತಂತೆ ಈ ಸದ್ದು;
ಹೊಸ ಗಾಡಿಗಳೇ ಸದ್ದಿಲ್ಲದೆ ಬಂದು
ಅದರ ಮುಖದೆದುರು ನಿಲ್ಲುವುದಂತೆ.
ಮೊಯ್ದುಕುಟ್ಟಿ ಹೇಳಿದ್ದು. ಇದಕ್ಕೆ ಕಾಲಮ್ಮಿಲ್ಲ.

ಮೇಡಂ ಕೈತೊಳೆದು ಬಂದರು.
ಶಿಥಿಲ ಅಂದರೆ ಗಾಡಿ ನಿಲ್ಲುತ್ತದೆ.
ಲಡಕಾಸಿ ಅಂದರೆ ಅವರ ಸಹಿ ಇಲ್ಲ.
ಹೊಸ ಫಾರಮ್ಮು ತೆಗೆದುಕೊಂಡೆ.
ಬ್ರೇಕು: ಹಿಡಿಯುತ್ತದೆ.
ದೀಪ: ಮೂರು.
ಹಾರ್ನು: ಇದೆ, ಕೇಳಿಕೊಂಡರೆ.
ಎಡ ಬಾಗಿಲು: ಮೂವತ್ತು ದಿನದೊಳಗೆ ಚಿಲಕ ಹಾಕಿಸತಕ್ಕದ್ದು.
ಸ್ಥಿತಿ:

ಪೆನ್ನು ಇಲ್ಲಿ ನಿಂತಿದೆ.
ಕೆಳಗೆ, ಮಂಜಿನೊಳಗೆ, ಏನೋ ಒಂದು
ಮಡಿಕೇರಿಯ ಇಳಿಜಾರು ಇಳಿಯುತ್ತಿದೆ.
ಸಡಿಲ ಚೌಕಟ್ಟಿನಲ್ಲಿ ಕಿಟಕಿಯ ಗಾಜು
ಅದಕ್ಕೆ ಓಗೊಡುತ್ತಿದೆ.